ನಡುಗದ ಪಾಪಿಗಳು

ಜನರನ್ನು ಹೆದರಿಸುವುದೂ ಒಂದು ಕಲೆ. ಅದು ನನಗೆ ಒಲಿದಿಲ್ಲ. ನಾನು ಗದರಿದರೆ ಮನೆಯ ಬೆಕ್ಕು ಕೂಡ ಆಕಳಿಸಿ ಮಗ್ಗುಲು ಬದಲಿಸುತ್ತದೆ. ಅಂಥವನಿಗೆ ಬೀದರಿನ ಕಾಲೇಜಿನಲ್ಲಿ ಪ್ಯೂರಿಟನ್ ಧರ್ಮೋಪದೇಶದ ಪಾಠ ಗಂಟುಬಿದ್ದಿದೆ. ಹಿಂದಿನ ಕಾಲದ ಆ ಕಟ್ಟುನಿಟ್ಟಿನ ಕ್ರೈಸ್ತ ಬೋಧಕರು ಮನುಷ್ಯ ಹುಟ್ಟಾ ಪಾಪಿ ಎಂದು ಬರೀ ಹೇಳುತ್ತಿರಲಿಲ್ಲ, ಕಣ್ಣಿಗೆ ಕಟ್ಟಿಸುತ್ತಿದ್ದರು: ನೀನು ಹುಳ, ನಿನ್ನ ಎದೆ ಕಪ್ಪು, ನಿನ್ನ ಕಾಲಡಿ ಬೆಂಕಿಯ ಕುಣಿ. ಕೇಳಿದವರು ಗಡಗಡ ನಡುಗುತ್ತಿದ್ದರಂತೆ.

ಇದು ಐಚ್ಛಿಕ ಪತ್ರಿಕೆ. ವಿದ್ಯಾರ್ಥಿಗಳು ಒಲ್ಲೆ ಎಂದರೆ ಮುಂದಿನ ವರ್ಷ ಬಂದ್. ನನಗೆ ಮತ್ತೆ ವ್ಯಾಕರಣ ಕಲಿಸುವ ಶಿಕ್ಷೆ. ಉಳಿಸಬೇಕೋ ಬೇಡವೋ ನೋಡಲು ಪ್ರಿನ್ಸಿಪಾಲ್ ಮೇಡಂ ಒಂದು ದಿನ ಕೊನೆಯ ಬೆಂಚಿನಲ್ಲಿ ಬಂದು ಕುಳಿತರು. ಇವತ್ತು ಒಬ್ಬರಾದರೂ ನಡುಗಲಿ ದೇವರೇ ಎಂದುಕೊಂಡು ಶುರುಮಾಡಿದೆ.

“ಮನುಷ್ಯ ಅಂದ್ರ ಮಣ್ಣಾಗ ಹೊರಳೋ ಹುಳ!”

ಔರಾದಿನ ಸಂಗಪ್ಪನ ಮುಖ ಅರಳಿತು. “ಎರಿಹುಳ ಏನ್ರಿ ಸರ್? ಭಾಳ ಚಲೋರಿ. ನಮ್ಮಪ್ಪ ಗೊಬ್ಬರಕ್ಕಂತ ಸಾಕ್ಯಾನ್ರಿ.”

ಹುಳ ಬಿಟ್ಟು ಎದೆಗೆ ಹೋದೆ. ಪಾಪದಿಂದ ಅದು ಕರಿ ಮಣ್ಣಿನ ಹಾಗಾಗಿದೆ ಎಂದೆ. ಬೀದರಿನ ಕೆಂಪು ನೆಲದ ಮೇಲೆ ನಿಂತು ಆಡಿದ ಮಾತು. ಭಾಲ್ಕಿಯ ಮಹಾದೇವಿಗೆ ಸಿಟ್ಟೇ ಬಂತು. “ಕರಿ ಮಣ್ಣಿಗಿ ಯಾಕ ಬೈತೀರಿ ಸರ್? ನಮ್ಮ ಹೊಲ ನೋಡೀರೇನು? ತೊಗರಿ ಎದಿಮಟ ನಿಂತದರಿ.”

ಉಳಿದದ್ದು ಬೆಂಕಿ. ಅದರಲ್ಲಿ ಜಿಪುಣತನ ಮಾಡಲಿಲ್ಲ. ಕುಣಿ ತೋಡಿದೆ, ಕೆಂಡ ತುಂಬಿದೆ, ಹೊಗೆ ಎಬ್ಬಿಸಿದೆ. ಒಬ್ಬೊಬ್ಬರೇ ಕಣ್ಣು ಮುಚ್ಚಿದರು. ಗೆದ್ದೆ ಅಂದುಕೊಂಡೆ. ಆದರೆ ಅದು ಜೋಳ ಹಾಲುಗಟ್ಟುವ ಚಳಿಗಾಲ. ನಮ್ಮ ಕಡೆ ಆಗ ಹೊಲದಲ್ಲಿ ಕುಣಿ ತೋಡಿ ಕೆಂಡ ಮಾಡುವುದು ಎಳೆ ತೆನೆ ಸುಟ್ಟು ಸೀತನಿ ತಿನ್ನಲಿಕ್ಕೆ.

“ಅದರ ಜೋಡಿ ಶೇಂಗಾ ಹಿಂಡಿನೂ ಬೇಕ್ರಿ ಸರ್,” ಎಂದ ಸಂಗಪ್ಪ, ಆ ಚಟ್ನಿಪುಡಿಯ ರುಚಿ ನೆನೆದು ಕಣ್ಣು ಮುಚ್ಚಿಕೊಂಡೇ.

ಮೇಡಂ ಎದ್ದು ನಿಂತರು. ಪತ್ರಿಕೆಯ ಕಥೆ ಮುಗಿಯಿತೆಂದು ನನಗೇ ನಡುಕ ಬಂತು.

“ಸಂಗಪ್ಪ, ಐತವಾರ ನಿಮ್ಮ ಹೊಲಕ್ಕ ಬಂದ್ರ ನಡೀತದೇನು?” ಎಂದರು.

ಎಲ್ಲರೂ ಹೋದೆವು. ಕೆಂಡದ ಸುತ್ತ ಕೂತು, ಬಿಸಿ ತೆನೆ ತಿಕ್ಕಿ ತಿಕ್ಕಿ ತಿಂದೆವು. ಪತ್ರಿಕೆ ಇರಲಿ ಎಂದು ಮೇಡಂ ಅಲ್ಲೇ ಹೇಳಿಬಿಟ್ಟರು. ನನಗೆ ಖುಷಿಯೋ ಖುಷಿ. ಆದರೂ ಮನುಷ್ಯ ಹುಟ್ಟಾ ಪಾಪಿ ಎಂಬ ಆ ಬೋಧಕರ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಒಬ್ಬ ಸಾಕ್ಷಿಯೂ ಸಿಗಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರಿತ್ತು. ಅಷ್ಟರಲ್ಲಿ ಮೇಡಂ ಫೋನ್ ಬಂತೆಂದು ಆಚೆ ಹೋದರು. ಅವರ ತಟ್ಟೆಯಲ್ಲಿ ಆಗಷ್ಟೇ ತಿಕ್ಕಿಟ್ಟ ಸೀತನಿ ಹಬೆಯಾಡುತ್ತಿತ್ತು.

ಮರಳಿ ಬಂದು ಖಾಲಿ ತಟ್ಟೆ ನೋಡಿದ ಮೇಡಂ, “ಇದರಾಗಿಂದು ಯಾರು ತಿಂದ್ರಿ?” ಎಂದರು.

ನನ್ನ ಬಾಯಿ ತುಂಬಿತ್ತು, ಮಾತಾಡಲಾಗಲಿಲ್ಲ. ಸಂಗಪ್ಪನ ಕಡೆ ಬೊಟ್ಟು ಮಾಡಿದೆ.