ಜಯಮ್ಮನ ಮಗಳ ಬೆನ್ನ ಮೇಲಿನ ನವಿಲು

ಕಂಪ್ಯೂಟರ್ ಕೆಟ್ಟಿತು ಅಂದ ಕೂಡಲೇ ಬಾಯಿ ಬಡಿದುಕೊಳ್ಳುವ ಹೆಂಗಸು ನಾನಲ್ಲ ಎಂಬುದನ್ನು ಮೊದಲಿಗೇ ಸಮಸ್ತರ ಗಮನಕ್ಕೆ ತರಬಯಸುತ್ತೇನೆ. ಹುಣಸೂರಿನ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ಇರುವುದು ನನ್ನೊಬ್ಬಳ ಹತ್ತಿರ. ಅದನ್ನು ಓಡಿಸುವುದಕ್ಕೆ ಮೈಸೂರಿಗೆ ಹೋಗಿ ಕಲಿತು ಬಂದವಳು ನಾನು. ಹೆದರಬೇಕಾದದ್ದು ಕಂಪ್ಯೂಟರು!

ಆಯುಧಪೂಜೆ ಕಳೆದ ವಾರಕ್ಕೆ ಕಟ್ಟೆಮಳಲವಾಡಿಯ ಜಯಮ್ಮ ಮಗಳು ಪಲ್ಲವಿಯನ್ನು ಕರೆದುಕೊಂಡು ಬೆಳಗ್ಗೆಯೇ ಬಂದರು. ಮಾರನೇ ದಿನ ಪಲ್ಲವಿಯ ನಿಶ್ಚಿತಾರ್ಥ. ಹೆಣ್ಣು ನೋಡಲು ಬಂದಾಗ ಗಂಡಿನ ತಾಯಿ, “ಯಾಕೋ ಇವರದೆಲ್ಲ ತೀರಾ ಸಾದಾ” ಅಂದು ಹೋಗಿದ್ದರಂತೆ. ಆ ಮಾತು ಹುಡುಗಿಗೆ ಮುಳ್ಳಿನ ಹಾಗೆ ನಾಟಿತ್ತು.

“ಬೆನ್ ತುಂಬಾ ಒಂದು ನವಿಲು ಆಕ್ಕೊಡಿ ಮಂಜುಳಕ್ಕ. ಬೀಗಿತ್ತಿ ಬಾಯ್ ಮುಚ್ಕಬೇಕು. ಸೀರೆ ಜೊತೆ ಬಂದಿರೋ ಬ್ಲೌಸ್ ಪೀಸು ಕಣಕ್ಕ, ಇನ್ನೊಂದು ಸಿಕ್ಕಾಕಿಲ್ಲ. ವಸಿ ಉಷಾರು!” ಅಂದರು ಜಯಮ್ಮ.

“ಬರೀ ನವಿಲೇನು, ಕೂಗೋ ನವಿಲೇ ಹಾಕಿಕೊಡ್ತೀನಿ. ಕೂತ್ಕೊಳಿ!” ಅಂದೆ.

ಹಬ್ಬದ ನಂತರ ಮೊದಲ ಸಲ ಸಾಫ್ಟ್‌ವೇರ್ ತೆರೆದೆ. ನವಿಲು ಬರಲಿಲ್ಲ. ‘ಪ್ಲಗಿನ್‌ಗಳು ಲೋಡ್ ಆಗಿಲ್ಲ’ ಎಂಬ ಸಂದೇಶ ಬಂತು. ಪ್ಲಗಿನ್ ಅಂದರೆ ದೊಡ್ಡ ಸಾಫ್ಟ್‌ವೇರಿನ ಜೊತೆಗೆ ಸೇರಿಸಿದ ಚಿಕ್ಕಚಿಕ್ಕವು: ನವಿಲಿಗೊಂದು, ಬಳ್ಳಿಗೊಂದು, ಅಕ್ಷರಕ್ಕೊಂದು. ಅವಿಲ್ಲದೆ ನನ್ನ ಮಿಷನ್ನಿಗೆ ನೆಟ್ಟಗೆ ಒಂದು ಗೆರೆ ಹಾಕುವುದಷ್ಟೇ ಗೊತ್ತು. ಗೋಣಿಚೀಲ ಹೊಲಿಯಬಹುದು!

ಓಕೆ ಒತ್ತಿದೆ. ಮತ್ತೆ ಅದೇ. ಇನ್ನೂ ಜೋರಾಗಿ ಒತ್ತಿದೆ. ಆರಿಸಿ ಹಾಕಿದೆ. ಬ್ರಷ್ಷಿನಲ್ಲಿ ಧೂಳು ಹೊಡೆದೆ. ಕೊನೆಗೆ ಮೇನ್ ಸ್ವಿಚ್ಚನ್ನೇ ಎಳೆದೆ. ಪಕ್ಕದ ಮನೆಯ ನಗ್ಮಾ, ಅರ್ಧ ರುಬ್ಬಿದ ಮಸಾಲೆಯ ಜಾರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. “ಅಕ್ಕಾ, ನಮ್ಮ ಕರೆಂಟೂ ಇದ್ರಲ್ಲೇ ಬರೋದು. ಮರೆತುಬಿಟ್ರಾ?”

ನಮ್ಮೆಜಮಾನ್ರು ಎಚ್.ಡಿ. ಕೋಟೆ ಬಸ್ಸಿನ ಕಂಡಕ್ಟರು. ಅವತ್ತು ರಜೆ. “ಓವರ್‌ಲೋಡ್ ಆಗಿದೆ ಕಣೇ. ಒಂದಷ್ಟನ್ನ ಇಳಿಸು” ಅಂದರು. ಅವರು ಸ್ನೇಹಿತರ ಜೊತೆ ಟೂರ್ ಹೋಗಿದ್ದ ಫೋಟೋಗಳನ್ನೇ ಮೊದಲು ಇಳಿಸಿದೆ. ಅವರಿಗೆ ಕಣ್ಣೀರೇ ಬಂತು. ನವಿಲು ಮಾತ್ರ ಬರಲಿಲ್ಲ!

ಗತಿಯಿಲ್ಲದೆ ಮಿಷನ್ ಮಾರಿದ ಅಂಗಡಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದೆ.

“ಕಂಪ್ಯೂಟರಿನಲ್ಲಿ ಏನಾದರೂ ಬದಲಾಯಿಸಿದ್ರಾ ಮೇಡಂ?”

“ಛೆ ಛೆ! ನಾನ್ಯಾಕೆ ಬದಲಾಯಿಸಲಿ?”

“ಸಾಫ್ಟ್‌ವೇರಿನ ಫೋಲ್ಡರ್ ತೆಗೀರಿ. ಒಳಗೆ ‘ಪ್ಲಗಿನ್ಸ್’ ಅಂತ ಇನ್ನೊಂದು ಫೋಲ್ಡರ್ ಇದೆಯಾ?”

“ಇದೆ. ‘ಶ್ರೀ ಪ್ಲಗಿನ್ಸ್’.”

“ಶ್ರೀ ಯಾರು ಹಾಕಿದ್ದು ಮೇಡಂ?”

ನಾನೇ! ಆಯುಧಪೂಜೆಯಲ್ಲಿ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿದ ಮೇಲೆ, ಹೊರಗಷ್ಟೇ ಪೂಜೆ ಮಾಡಿದರೆ ಒಳಗಿರುವ ನವಿಲಿಗೆ ಏನು ಸಿಕ್ಕಿತು ಅನ್ನಿಸಿತ್ತು. ಹೆಸರಿನ ಮುಂದೆ ಒಂದು ‘ಶ್ರೀ’ ಸೇರಿಸಿದ್ದೆ. ಕಂಪ್ಯೂಟರು ‘ಮುಂದುವರಿಸಲೇ?’ ಅಂತ ಕೇಳಿಯೂ ಇತ್ತು. ಭಕ್ತಿಯಿಂದ ಹೌದು ಅಂದಿದ್ದೆ. ಪಾಪ, ಸಾಫ್ಟ್‌ವೇರು ಹಳೇ ಹೆಸರನ್ನೇ ಹುಡುಕುತ್ತಾ ಕೂತಿದೆ.

“ಆ ಶ್ರೀ ಅಳಿಸಿಬಿಡಿ. ಸರಿಹೋಗುತ್ತೆ” ಅಂದರು ಅಂಗಡಿಯವರು.

ಜಯಮ್ಮ ಎದ್ದು ನಿಂತರು. “ಅಯ್ಯೋ ಶಿವನೇ! ನಾಳೆ ಮಗಳ ಶಾಸ್ತ್ರ ಮಡಿಕ್ಕಂಡು ಇವತ್ತು ಶ್ರೀ ಅಳ್ಸಾದಾ? ಬ್ಯಾಡ ಕಣಕ್ಕ! ನವಿಲಿಲ್ದೆ ಓದ್ರೆ ಓಯ್ತದೆ ಬುಡಿ!”

“ಅವ್ವಾ, ನಾಳೆನೂ ಸಾದಾ ಅನ್ನಿಸ್ಕಂಡು ಕೂತ್ಕಳ್ಳಾ?” ಪಲ್ಲವಿ ಕಣ್ಣೊರೆಸಿಕೊಂಡಳು. ನನ್ನ ಅತಿಬುದ್ಧಿಗೆ ಈ ಮಗು ಯಾಕೆ ಅಳಬೇಕು?

ಆಗ ನಮ್ಮೆಜಮಾನ್ರು ಗಂಟಲು ಸರಿಮಾಡಿಕೊಂಡರು. “ಶ್ರೀನ ಇಳಿಸೋದೇ ಬೇಡ ಜಯಮ್ಮ. ಬೇರೆ ಸೀಟು ಕೊಡೋಣ.”

ಅದರಂತೆ, ಪರದೆಯ ಮೇಲೆ ಆಯಕಟ್ಟಿನ ಜಾಗ ನೋಡಿ ‘ಶ್ರೀ’ ಎಂಬ ಹೊಸ ಫೋಲ್ಡರ್ ಸ್ಥಾಪಿಸಲಾಯಿತು. ಜಯಮ್ಮ ಪರದೆಗೇ ಕುಂಕುಮ ಹಚ್ಚಿ ಕೈ ಮುಗಿದು, “ಈಗ ಅಲ್ಲಿಂದ ಎಬ್ಬುಸ್ರಿ” ಎಂದು ಅಪ್ಪಣೆ ಕೊಟ್ಟರು. ಹಳೇ ಜಾಗದ ಶ್ರೀ ತೆಗೆದೆ. ಬಂತು ನೋಡಿ ನವಿಲು, ಗರಿ ಬಿಚ್ಚಿಕೊಂಡು! ಸಂಜೆಯ ಹೊತ್ತಿಗೆ ಬ್ಲೌಸೂ ಹೊಲಿದಾಯಿತು. ಚಿನ್ನದ ದಾರದಲ್ಲಿ ಹೊಳೆಯುವ ಅದನ್ನು ಪಲ್ಲವಿ ಮುಟ್ಟಿ ಮುಟ್ಟಿ ನೋಡಿದಳು.

ಮಾರನೇ ದಿನ ಎಲ್ಲರಿಗಿಂತ ಮೊದಲೇ ಹೋದೆ. ಹೊಗಳಿಕೆ ಚೆನ್ನಾಗಿ ಕೇಳಿಸಲಿ ಅಂತ ಬೀಗಿತ್ತಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಪಲ್ಲವಿ ಬಂದಳು. ಕತ್ತಿನಿಂದ ಸೊಂಟದವರೆಗೆ, ಬೆನ್ನೆಲ್ಲ ಮುಚ್ಚುವಷ್ಟು ಅಗಲದ ಮೊಗ್ಗಿನ ಜಡೆ! ನನ್ನ ನವಿಲಿನದು ಒಂದು ಕಾಲು ಮಾತ್ರ ಹೊರಗಿತ್ತು.

“ಜಡೆ ಸ್ವಲ್ಪ ಮುಂದಕ್ಕೆ ಹಾಕ್ಕೊಳಮ್ಮ” ಅಂತ ಅವಳ ಕಿವಿಯಲ್ಲಿ ಹೇಳಿದೆ.

“ಪಿನ್ ಹೊಡ್ದವ್ರೆ ಅಕ್ಕ, ಅಲ್ಲಾಡಲ್ಲ.”

ಬೀಗಿತ್ತಿ ಎದ್ದು ಬಂದು, ಹುಡುಗಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಕಡೆಯವರನ್ನೆಲ್ಲ ಕರೆದು ತೋರಿಸಿದರು. ಜಯಮ್ಮ ಹಿಗ್ಗಿ ನನ್ನತ್ತ ಕೈ ತೋರಿಸಿ, “ನಮ್ ಉಡುಗಿ ಇಂಗೆ ಕಾಣೋ ಅಂಗೆ ಮಾಡಿದ್ದು ಇವ್ರೇ” ಅಂದರು.

ಬೀಗಿತ್ತಿ ನನ್ನ ಎರಡೂ ಕೈ ಹಿಡಿದುಕೊಂಡರು. “ಏನ್ ಕೈ ಕಣವ್ವ ನಿಮ್ದು! ಇಂಥಾ ಜಡೆ ನಾ ಎಲ್ಲೂ ಕಂಡಿಲ್ಲ. ಇವರನ್ನ ಸಾದಾ ಅಂದ್ಕಂಡಿದ್ದು ನಂದೇ ತಪ್ಪು. ಮದುವೆಗೂ ನೀವೇ ಜಡೆ ಕಟ್ಬೇಕು!”

ಬಾಯಿ ತೆರೆದೆ. ಅವರ ಭುಜದ ಹಿಂದೆ ಪಲ್ಲವಿಯ ಮುಖ ಕಂಡಿತು. ಎಷ್ಟು ಖುಷಿಯಾಗಿತ್ತು ಆ ಮಗು!

“ಅದಕ್ಕೇನಂತೆ, ಕಟ್ಟೋಣ” ಅಂದೆ.

ನನಗೆ ಒಂದು ಮೊಳ ಮಲ್ಲಿಗೆಯನ್ನೂ ನೆಟ್ಟಗೆ ಕಟ್ಟೋಕೆ ಬರೋದಿಲ್ಲ!