ದಕ್ಷಿಣದ ಗೇಟಿನಲ್ಲಿ ರಾಜ್ಯೋತ್ಸವ

“ಹೆಂಡ್ತಿ ವೀಸಾದಲ್ಲಿ ಬಂದೋರಿಗೆ ಒಂದು ಬಾವುಟ ಕಟ್ಟೋಕೂ ಬರಲ್ವೇನ್ರೀ?”

ಮಹೇಶ ಇದನ್ನು ಪಕ್ಕಕ್ಕೆ ಕರೆದು ಕೇಳಲಿಲ್ಲ. ಮೈಕಿನಲ್ಲಿ ಕೇಳಿದರು. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಶಾಲೆಯೊಂದರ ಜಿಮ್ ಹಾಲಿನಲ್ಲಿ ಸೇರಿದ್ದ ಅರವತ್ತು ಮಂದಿ ಕನ್ನಡಿಗರು, ಅವರ ಮಕ್ಕಳು, ಹಾಲಿನ ಬೀಗ ತೆಗೆಯಲು ಬಂದಿದ್ದ ಒಬ್ಬ ಸ್ವೀಡಿಷ್ ಮುದುಕ, ಎಲ್ಲರೂ ಒಟ್ಟಿಗೆ ತಲೆಯೆತ್ತಿ ಏಣಿಯ ಮೇಲಿದ್ದ ಅಶ್ವತ್ಥನನ್ನು ನೋಡಿದರು. ಮುದುಕನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವನು ಅಶ್ವತ್ಥನತ್ತ ಕನಿಕರದಿಂದ ನೋಡಿದ. ಬೈಗುಳ ಅರ್ಥವಾಗಲು ಭಾಷೆ ಬರಬೇಕೆಂದೇನಿಲ್ಲ.

ಅಶ್ವತ್ಥ ಮಾಡಿದ ತಪ್ಪು ಇಷ್ಟೇ: ಎರಡು ಬಾವುಟ ಕಟ್ಟಿದ್ದ. ಆ ವರ್ಷ, ಅಂದರೆ 2018ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ಸರ್ಕಾರ ಹಳದಿ ಮತ್ತು ಕೆಂಪಿನ ನಡುವೆ ಬಿಳಿ ಸೇರಿಸಿ ಹೊಸ ಬಾವುಟ ತೋರಿಸಿತ್ತು. ಅಂದಿನಿಂದ ಇಲ್ಲಿನ ಕನ್ನಡ ಸಂಘ ಈಡುಗಾಯಿಯಂತೆ ಒಡೆದುಹೋಗಿತ್ತು. ಅಧ್ಯಕ್ಷ ಮಹೇಶ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರು, ಹಳೆಯ ಎರಡು ಬಣ್ಣದ ಕಡೆ. ಕಾರ್ಯದರ್ಶಿ ಮಧುಸೂದನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು, ಹೊಸ ಮೂರು ಬಣ್ಣದ ಕಡೆ. ಬೆಳಿಗ್ಗೆ ಇಬ್ಬರೂ ಬೇರೆ ಬೇರೆಯಾಗಿ ಬಂದು ಒಂದೊಂದು ಬಾವುಟ ಅವನ ಕೈಗಿಟ್ಟು “ಇದನ್ನೇ ಕಟ್ಟಿ” ಎಂದು ಹೋಗಿದ್ದರು. ಅವನು ಇಬ್ಬರ ಮಾತನ್ನೂ ಕೇಳಿದ್ದ. ಸಂಘದಲ್ಲಿ ಇಬ್ಬರ ಮಾತನ್ನೂ ಕೇಳುವವನು ಅವನೊಬ್ಬನೇ. ಏಣಿ ಹತ್ತುವವನೂ ಅವನೊಬ್ಬನೇ.

“ಅವರನ್ನ ಯಾಕೆ ಬೈತೀರಿ ಮಹೇಶ್? ನಿಮ್ದು ಹಳೇ ಬಾವುಟ, ಬಿಚ್ಚಿಡಿ,” ಎಂದರು ಮಧುಸೂದನ್.

“ನಿಮ್ದಕ್ಕೆ ಡೆಲ್ಲಿಯಿಂದ ಪರ್ಮಿಷನ್ನೇ ಬಂದಿಲ್ಲ!”

“ನಿಮ್ದಕ್ಕೆ ಯಾವಾಗ ಬಂದಿತ್ರೀ?”

ಹಾಲಿನಲ್ಲಿದ್ದವರು ಎರಡು ಪಾಲಾದರು. ಪುಳಿಯೋಗರೆ ಬಡಿಸುವವರು ಒಂದು ಕಡೆ, ಮೊಸರನ್ನದವರು ಒಂದು ಕಡೆ. ಅಶ್ವತ್ಥ ಏಣಿಯಿಂದ ಇಳಿದ. ಬೆಳಿಗ್ಗೆಯೇ ಅವನಿಗೆ ಸುಸ್ತಾಗಿತ್ತು. ನಿಜ ಹೇಳಬೇಕೆಂದರೆ ಮೂರು ವರ್ಷದಿಂದಲೇ ಸುಸ್ತಾಗಿತ್ತು.

ಹೆಂಡತಿ ಚಿನ್ಮಯಿ ಎದ್ದು ಬಂದು ಒಂದು ಲಕೋಟೆ ಅವನ ಜಾಕೆಟ್ಟಿನೊಳಗೆ ತುರುಕಿದಳು. “ಅವ್ರು ಕಿತ್ತಾಡ್ಲಿ ಬಿಡು. ಯಾಕೂಬ್ ಎರಡು ಗಂಟೆಗೆ ಬಾ ಅಂದಿದಾರೆ. ಸಹಿ ಹಾಕಿಸ್ಕೊಂಡೇ ಬಾ ಅಶ್ವಿ. ಇಲ್ದಿದ್ರೆ ಮೂವತ್ತನೇ ತಾರೀಕು ಮಗು ಕರ್ಕೊಂಡು ಎಲ್ಲಿಗೆ ಹೋಗೋದು?”

ಮೂರು ವರ್ಷದಲ್ಲಿ ಇದು ಐದನೇ ಮನೆಯ ಹುಡುಕಾಟ. ಈ ದೇಶದಲ್ಲಿ ಬಾಡಿಗೆ ಮನೆಗೆ ಸರತಿ ಉಂಟು. ಇವತ್ತು ಹೆಸರು ಬರೆಸಿದರೆ ಮಗಳ ಮದುವೆ ಹೊತ್ತಿಗೆ ಮನೆ ಸಿಗುತ್ತದೆ. ಅಲ್ಲಿಯವರೆಗೆ ಯಾರೋ ಊರಿಗೆ ಹೋದವರ ಮನೆಯಲ್ಲಿ, ಅವರ ಸೋಫಾದ ಮೇಲೆ, ಅವರ ಅಜ್ಜಿಯ ಫೋಟೋದ ಕೆಳಗೆ ಆರು ತಿಂಗಳು, ಎಂಟು ತಿಂಗಳು. ಐದು ವರ್ಷದ ಅನ್ಯಾ ಈಗ ತನ್ನ ಆಟದ ಸಾಮಾನನ್ನು ಸೂಟ್‌ಕೇಸಿನಿಂದ ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದಳು.

ಯಾಕೂಬ್ ಎಂದರೆ ಅಶ್ವತ್ಥ ಕ್ಷೌರ ಮಾಡಿಸಿಕೊಳ್ಳುವ ಅಂಗಡಿಯ ಮುದುಕ. ಮೊದಲ ಸಲ ಹೋದಾಗಲೇ ಆತ ಕತ್ತಿಯನ್ನು ಇವನ ಕೊರಳಿನ ಮೇಲಿಟ್ಟು ಊರಿನ ಇತಿಹಾಸ ಹೇಳಿದ್ದ. ಟರ್ಕಿಯ ಆಗ್ನೇಯ ಮೂಲೆಯಿಂದ ಬಂದ ಕ್ರೈಸ್ತರು ಈ ಊರಿನಲ್ಲಿ ಸಾವಿರಾರು ಮಂದಿ. ಮಾತು ಒಂದೇ, ಅಡುಗೆ ಒಂದೇ, ಶಿಲುಬೆ ಒಂದೇ. ಆದರೆ ಅರ್ಧ ಜನ “ನಾವು ಅಸ್ಸೀರಿಯನ್ನರು” ಅನ್ನುತ್ತಾರೆ. ಉಳಿದರ್ಧ “ಅಲ್ಲ, ನಾವು ಸಿರಿಯಾಕರು” ಅನ್ನುತ್ತಾರೆ. ಹಾಗಾಗಿ ಬಾವುಟ ಎರಡು, ಫುಟ್‌ಬಾಲ್ ಕ್ಲಬ್ಬೂ ಎರಡು. ಒಂದು ಕೆಂಪು-ಬಿಳಿ, ಇನ್ನೊಂದು ಕೆಂಪು-ಹಳದಿ. ಯಾಕೂಬನ ಅಂಗಡಿಯಲ್ಲಿ ಟವೆಲ್ಲಿನಿಂದ ಹಿಡಿದು ಕುರ್ಚಿಯವರೆಗೆ ಎಲ್ಲವೂ ಕೆಂಪು-ಬಿಳಿ. ಕತ್ತಿ ಕೊರಳ ಮೇಲಿದ್ದಾಗ ಅಶ್ವತ್ಥನೂ ಕೆಂಪು-ಬಿಳಿಯೇ. ಎರಡು ವರ್ಷ ಹಾಗೆ ತಲೆಯಾಡಿಸಿ, ಆಡಿಸಲಾಗದಾಗ ಕಣ್ಣು ಮಿಟುಕಿಸಿ, ಕೊನೆಗೆ ಒಂದು ಮನೆಯ ಮಾತು ಹುಟ್ಟಿತ್ತು. ಎರಡು ಕೋಣೆ, ಮೂರು ವರ್ಷದ ಕರಾರು. ಮೂರು ವರ್ಷ! ಒಂದು ಕರಿಬೇವಿನ ಗಿಡ ನೆಡಬಹುದು.

“ಇವತ್ತು ನಮ್ಮ ನಮ್ಮಲ್ಲೇ ಮ್ಯಾಚು, ಸ್ಟೇಡಿಯಂ ಹತ್ರನೇ ಬಾ,” ಎಂದು ಆತ ಫೋನಿನಲ್ಲಿ ಹೇಳಿದ್ದ. “ಉತ್ತರದ ಗೇಟು. ಪೇಪರ್ ಕೆಲಸ ಇವತ್ತೇ ಮುಗಿಸೋಣ. ನಾಳೆ ಬೆಳಿಗ್ಗೆ ನಾವು ಜರ್ಮನಿಗೆ, ಮಗಳ ಮನೆಗೆ.”

ಅಶ್ವತ್ಥ ಹೊರಗೆ ಬಂದು ಬಿರಬಿರನೆ ನಡೆದ. ನವೆಂಬರಿನ ಗಾಳಿ ಕಿವಿ ಕಚ್ಚುತ್ತಿತ್ತು. ಬೆಳಿಗ್ಗೆ ಹಾಲಿನ ಬಾಗಿಲಲ್ಲಿ ಎಲ್ಲರ ಹೆಗಲಿಗೂ ಹಾಕಿದ್ದ ಶಲ್ಯವನ್ನು ಕೊರಳಿಗೆ ಎರಡು ಸುತ್ತು ಸುತ್ತಿಕೊಂಡ. ಸುತ್ತಿಕೊಳ್ಳುವಾಗ ಅದರ ಬಣ್ಣ ನೋಡಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಬಣ್ಣ. ಆಟೋ ಸ್ಟ್ಯಾಂಡಿನಲ್ಲಿ, ಬಸ್ಸಿನ ಕನ್ನಡಿಯಲ್ಲಿ, ರಸ್ತೆಯ ಮೂಲೆಯ ಕಂಬದಲ್ಲಿ ನೋಡಿದ ಬಣ್ಣ. ಅದನ್ನು ಯಾರಾದರೂ ಹೊಸದಾಗಿ ನೋಡುತ್ತಾರೆಯೇ?

ಪೊಲೀಸಿನವಳು ನೋಡಿದಳು. ಸ್ಟೇಡಿಯಮ್ಮಿನ ಹತ್ತಿರ ರಸ್ತೆಯ ನಡುವೆ ಕುದುರೆಯ ಮೇಲೆ ಕೂತಿದ್ದಳು.

“ನಿಮ್ಮವರೆಲ್ಲ ದಕ್ಷಿಣದ ಗೇಟು,” ಎಂದಳು.

ಮೂರು ವರ್ಷದಲ್ಲಿ ಈ ದೇಶದಲ್ಲಿ ಒಬ್ಬರು ಅವನಿಗೆ “ನಿಮ್ಮವರು” ಇದ್ದಾರೆ ಎಂದದ್ದು ಇದೇ ಮೊದಲು. “ಇಲ್ಲ ಮೇಡಂ, ನಾನು ಉತ್ತರದ ಗೇಟಿಗೆ ಹೋಗ್ಬೇಕು. ಒಂದು ಸಹಿ...”

ಅವಳು ಅವನ ಕೊರಳನ್ನೊಮ್ಮೆ ನೋಡಿದಳು. “ಇದನ್ನ ಹಾಕ್ಕೊಂಡಾ? ಬೇಡ.” ಕುದುರೆಯೂ ಬೇಡವೆಂಬಂತೆ ಅವನ ಮುಖಕ್ಕೆ ಬುಸ್ಸೆಂದಿತು.

ಆಗ ಅವನು ತಲೆ ತಗ್ಗಿಸಿ ಶಲ್ಯ ನೋಡಿದ. ಹಳದಿ-ಕೆಂಪು, ಯಾಕೂಬನ ಎದುರಾಳಿಗಳ ಬಣ್ಣ. ಬಿಚ್ಚಲೆಂದು ಕೈ ಹಾಕಿದ. ಅಷ್ಟರಲ್ಲಿ ಆ ಕೈಯ ಮೇಲೆ ರೊಟ್ಟಿ ಹಂಚಿನಷ್ಟು ಅಗಲದ ಇನ್ನೊಂದು ಕೈ ಬಿತ್ತು.

“ಬ್ರದರ್! ಇಂಥ ಸ್ಕಾರ್ಫ್ ಎಲ್ಲಿ ಸಿಕ್ತು? ನಮ್ಮ ಕ್ಲಬ್ಬಿನ ಅಂಗಡೀಲೂ ಇಲ್ವಲ್ಲ!”

ಕೈಯ ಹಿಂದೆ ಅಫ್ರಾಮ್ ಎಂಬ ಹುಡುಗನಿದ್ದ. ಅವನ ಹಿಂದೆ ಕೆಂಪು-ಹಳದಿಯ ಇನ್ನೂ ಮೂವತ್ತು ಮಂದಿ ಇದ್ದರು.

“ಇದು ಕ್ಲಬ್ಬಿಂದಲ್ಲ, ಕರ್ನಾಟಕದ್ದು,” ಎಂದ ಅಶ್ವತ್ಥ, ತರಗತಿಯಲ್ಲಿ ಕಲಿತಷ್ಟು ಸ್ವೀಡಿಷಿನಲ್ಲಿ.

“ಅದ್ಯಾವ ದೇಶ?”

“ದೇಶ ಅಲ್ಲ. ದೇಶದೊಳಗೆ ಒಂದು ರಾಜ್ಯ.”

“ಅಂದ್ರೆ ಬಾವುಟ ಇದೆ, ದೇಶ ಇಲ್ಲ?” ಅಫ್ರಾಮನ ಕಣ್ಣು ಒದ್ದೆಯಾಯಿತು. ಹಿಂದಿನವರತ್ತ ತಿರುಗಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಮೂವತ್ತು ಮಂದಿಯೂ ಶವದ ಮುಂದೆ ನಿಂತವರಂತೆ ತಲೆದೂಗಿದರು. “ಅರ್ಥ ಆಯ್ತು ಬ್ರದರ್. ನಮ್ದೂ ಅದೇ ಕತೆ.”

“ಹಾಗಲ್ಲಪ್ಪ, ನಮಗೆ ದೇಶ ಇದೆ. ದೊಡ್ಡದೇ ಇದೆ...”

ಯಾರೂ ಕೇಳಲಿಲ್ಲ. ಜ್ವರ ಬಂದು ಮಲಗಿದ್ದ ಅಫ್ರಾಮನ ತಮ್ಮನ ಸೀಸನ್ ಟಿಕೆಟ್ಟಿನ ಕಾರ್ಡು ಅಶ್ವತ್ಥನ ಕೈಗೆ ಬಂತು. ತೇರು ತಳ್ಳಿದಂತೆ ಜನ ತಳ್ಳಿದರು. ಎರಡು ನಿಮಿಷದಲ್ಲಿ ಅವನು ದಕ್ಷಿಣದ ಗೇಟು ದಾಟಿ, ಮೆಟ್ಟಿಲು ಹತ್ತಿ, ನಗಾರಿಯ ಪಕ್ಕದಲ್ಲಿ ನಿಂತಿದ್ದ. ಬೊಗಸೆಯಲ್ಲಿ ಸೂರ್ಯಕಾಂತಿ ಬೀಜ.

ಅಫ್ರಾಮ್ ಮೊಬೈಲ್ ಎತ್ತಿ ಹಿಡಿದು ಫೇಸ್‌ಬುಕ್ಕಿನಲ್ಲಿ ಲೈವ್ ಹಚ್ಚಿದ. “ನೋಡ್ರಪ್ಪ! ಇಂಡಿಯಾದಿಂದ ಬಂದಿದಾನೆ, ನಮ್ಮ ಬಣ್ಣ ಹಾಕ್ಕೊಂಡು! ಏನಂದೆ ಬ್ರದರ್ ನಿಮ್ಮೂರ ಹೆಸರು?”

“ಕರ್ನಾಟಕ.”

ನಗಾರಿಯವನು ಆ ಹೆಸರನ್ನು ಬಾಯಲ್ಲಿ ಒಮ್ಮೆ ಚಪ್ಪರಿಸಿ ನೋಡಿದ. ಆಮೇಲೆ ಬಾರಿಸಿದ. ಕರ್-ನಾ-ಟ-ಕ! ಧಂ ಧಂ! ಕರ್-ನಾ-ಟ-ಕ! ಮೊದಲು ಮೂವತ್ತು ಮಂದಿ, ಆಮೇಲೆ ಮುನ್ನೂರು, ಆಮೇಲೆ ಇಡೀ ದಕ್ಷಿಣದ ಸಾಲು ಎದ್ದು ನಿಂತು ಕೂಗಿತು. ಅಲ್ಲಿ ಜಿಮ್ ಹಾಲಿನಲ್ಲಿ ಮಹೇಶ ವರ್ಷ ವರ್ಷವೂ “ಇನ್ನೊಂದ್ಸಲ ಜೋರಾಗಿ” ಎಂದು ಬೇಡಿಕೊಂಡರೂ ಜೈ ಎಂಬುದು ಕೆಮ್ಮಿನಷ್ಟು ಹೊರಡುತ್ತಿತ್ತು. ಇಲ್ಲಿ ಕರ್ನಾಟಕ ಎಲ್ಲಿದೆಯೆಂದೇ ಗೊತ್ತಿಲ್ಲದವರ ಗಂಟಲು ಹರಿಯುತ್ತಿತ್ತು. ಅಶ್ವತ್ಥನ ಕೈ ತಾನಾಗಿ ಮೇಲೆದ್ದಿತು. ಕಣ್ಣಿನಲ್ಲಿ ನೀರು ಬಂತು. ಚಳಿಗೆ ಇರಬೇಕು ಅಂದುಕೊಂಡ. ಚಳಿಗಲ್ಲ.

ಜೇಬಿನಲ್ಲಿ ಫೋನು ನಡುಗಿತು.

“ಏ ಹುಡುಗಾ, ಎಲ್ಲಿದ್ದೀಯ?” ಯಾಕೂಬ್. “ಉತ್ತರದ ಗೇಟಲ್ಲಿ ನಿಂತು ಕಾಲು ಮರಗಟ್ಟಿತು ನಂದು. ಆ ಕಡೆ ಅದೇನು ಹೊಸ ಹಾಡು ಹಚ್ಚಿದಾರೆ ದರಿದ್ರದವರು? ಹತ್ತು ನಿಮಿಷದಲ್ಲಿ ಆಟ ಶುರು. ಶುರು ಆದ್ರೆ ನಾನು ಹೊರಗೆ ಬರೋನಲ್ಲ. ಮನೆಗೆ ಬೇರೆಯವರೂ ಕೇಳ್ತಿದಾರೆ, ನೆನಪಿರ್ಲಿ.”

ಅಶ್ವತ್ಥ ಅಫ್ರಾಮನಿಗೆ “ಈಗ ಬಂದೆ” ಎಂದು ಕೈ ತೋರಿಸಿ ಮೆಟ್ಟಿಲಿಳಿದು ಓಡಿದ. ಎರಡು ಕಡೆಯವರ ನಡುವೆ ಜಾಲರಿ ಬೇಲಿಯ ಒಂದು ಓಣಿ. ಆ ತುದಿಯ ಬಾಗಿಲ ಹತ್ತಿರ ಕೆಂಪು-ಬಿಳಿ ಟೋಪಿಯ ಯಾಕೂಬ್ ಕಾಣುತ್ತಿದ್ದ. ಈ ತುದಿಯಲ್ಲಿ ಹಸಿರು ಜಾಕೆಟ್ಟಿನ ಕಾವಲಿನ ಹೆಂಗಸು ಅಡ್ಡ ನಿಂತಳು.

“ಈ ಬಣ್ಣ ಹಾಕ್ಕೊಂಡು ಆ ಕಡೆ ಬಿಡಲ್ಲ.”

“ಜೇಬಲ್ಲಿ ಇಟ್ಕೋತೀನಿ.”

“ಅಲ್ಲಿ ಜೇಬೂ ನೋಡ್ತಾರೆ.”

“ನಿಮ್ಹತ್ರ ಇಟ್ಕೊಂಡಿರಿ. ಐದೇ ನಿಮಿಷ.”

“ಅದು ನನ್ನ ಕೆಲಸದಲ್ಲಿ ಬರಲ್ಲ,” ಎಂದಳು ಅವಳು, ಅತ್ಯಂತ ಸೌಜನ್ಯದಿಂದ. ಈ ದೇಶದಲ್ಲಿ ಮನುಷ್ಯನನ್ನು ಯಾರೂ ಒದೆಯುವುದಿಲ್ಲ. ನಗುತ್ತ ನಗುತ್ತ ಬಾಗಿಲು ಹಾಕುತ್ತಾರೆ. “ಅಲ್ಲಿ ಕಸದ ಬುಟ್ಟಿ ಇದೆ ನೋಡಿ.”

ಅಶ್ವತ್ಥ ಬುಟ್ಟಿಯನ್ನು ನೋಡಿದ. ಕಾಫಿ ಲೋಟ, ಸಾಸಿವೆ ಮೆತ್ತಿದ ಕಾಗದ, ಬೀಜದ ಸಿಪ್ಪೆ. ಆ ತುದಿಯಲ್ಲಿ ಯಾಕೂಬ್ ಕೈಗಡಿಯಾರವನ್ನು ತಟ್ಟಿ ತೋರಿಸುತ್ತಿದ್ದ. ಅಶ್ವತ್ಥನಿಗೆ ಅನ್ಯಾಳ ಸೂಟ್‌ಕೇಸು ಕಣ್ಣ ಮುಂದೆ ಬಂತು. ಬಟ್ಟೆ ತಾನೇ, ಬಟ್ಟೆ ತಾನೇ, ಎಂದು ತನಗೇ ಎರಡು ಸಲ ಹೇಳಿಕೊಂಡ. ಬರೀ ಬಟ್ಟೆಯಾಗಿದ್ದರೆ ಒಂದು ಸಲ ಸಾಕಿತ್ತು. ಶಲ್ಯ ಬಿಚ್ಚಿ, ನಾಲ್ಕು ಮಡಿಕೆ ಮಡಿಚಿ, ಮಲಗಿದ ಮಗುವನ್ನು ಇಳಿಸುವಂತೆ ಬುಟ್ಟಿಯೊಳಗೆ ಇಳಿಸಿದ.

ಹಿಂದೆ ಕರ್-ನಾ ಎಂದವರು ಟ-ಕ ಎನ್ನಲಿಲ್ಲ. ತಿರುಗಿ ನೋಡಿದ. ಮೇಲಿನ ಕಟಾಂಜನಕ್ಕೆ ಒರಗಿ ನಿಂತಿದ್ದ ಅಫ್ರಾಮ್. ಅವನ ಮೊಬೈಲು ಇನ್ನೂ ಇವನ ಕಡೆಗೇ ಇತ್ತು. ಲೈವ್ ನಿಂತಿರಲಿಲ್ಲ.

ಅಶ್ವತ್ಥ ಓಣಿಯುದ್ದಕ್ಕೂ ತಲೆ ತಗ್ಗಿಸಿ ನಡೆದ.

“ನೋಡ್ದೆ, ನೋಡ್ದೆ!” ಯಾಕೂಬ್ ತಬ್ಬಿಕೊಂಡು ಬೆನ್ನು ಗುದ್ದಿದ. “ಅವರ ಬಣ್ಣ ಅವರ ಕಣ್ಣೆದುರಿಗೇ ಕಸಕ್ಕೆ ಹಾಕಿದ್ಯಲ್ಲೋ! ನೀನು ಕಣೋ ನನ್ನ ಮಗ! ಕೊಡು ಪೇಪರು.”

ಅಶ್ವತ್ಥ ಲಕೋಟೆ ಕೊಟ್ಟ. ಪೆನ್ನನ್ನೂ ಕೊಟ್ಟ. ಎದೆಯೊಳಗೆ ಏನೋ ಸತ್ತಂತಾಗಿತ್ತು, ಆದರೂ ಕರಿಬೇವಿನ ಗಿಡ ಒಂದೆರಡು ಎಲೆ ಬಿಟ್ಟಿತು. “ಇಲ್ಲಿ ಅಂಕಲ್, ಈ ಗೆರೆ ಮೇಲೆ ಸಹಿ.”

“ಸಹಿ ನಾನು ಹಾಕೋದಲ್ಲಪ್ಪ. ಮನೆ ನನ್ನ ಹೆಂಡತಿ ಮರ್ಯಮ್ ಹೆಸರಲ್ಲಿದೆ. ಅವಳಪ್ಪ ಕೊಟ್ಟಿದ್ದು. ಹಾಫ್‌ಟೈಮಿಗೆ ಹೋಗಿ ಹಾಕಿಸ್ಕೊಂಡು ಬರ್ತೀನಿ.”

“ಎಲ್ಲಿದಾರೆ ಅವರು?”

ಯಾಕೂಬ್ ಮೂಗಿನಿಂದ ದಕ್ಷಿಣಕ್ಕೆ ತೋರಿಸಿದ. “ಆ ಕಡೆ. ನಲವತ್ತೊಂದು ವರ್ಷ ಆಯ್ತು ಮದ್ವೆ ಆಗಿ. ಬರೋದು ಒಂದೇ ಕಾರಲ್ಲಿ, ಒಳಗೆ ಹೋಗೋದು ಎರಡು ಗೇಟಲ್ಲಿ.”

ಅಷ್ಟರಲ್ಲಿ ಯಾಕೂಬನ ಫೋನು ಕೂಗಿತು. ಕಿವಿ ಮಂದವಾದ್ದರಿಂದ ಆತ ಅದನ್ನು ಯಾವಾಗಲೂ ಸ್ಪೀಕರಿನಲ್ಲೇ ಇಡುತ್ತಿದ್ದ. ಅತ್ತಲಿಂದ ಹೆಂಗಸಿನ ದನಿ, ಹಂಚಿನ ಮೇಲೆ ನೀರು ಚೆಲ್ಲಿದಂತೆ, ಅವರ ಭಾಷೆಯಲ್ಲಿ ಚುರುಗುಟ್ಟಿತು. ಯಾಕೂಬನ ಮುಖ ಸೋಪು ಬಳಿದ ಗಿರಾಕಿಯ ಮುಖದಂತೆ ಬೆಳ್ಳಗಾಯಿತು.

“ಏನಂತೆ ಅಂಕಲ್?”

“ಹತ್ತು ನಿಮಿಷದ ಹಿಂದೆ ನಿನ್ನ ವೀಡಿಯೋ ನೋಡಿದ್ಳಂತೆ. ನಮ್ಮ ಮನೆಗೆ ಬರೋ ಇಂಡಿಯಾದ ಹುಡುಗ ಇವನೇನಾ, ಇವನಿಗಾದ್ರೆ ಮೂರಲ್ಲ, ಹತ್ತು ವರ್ಷಕ್ಕೆ ಬರ್ಕೊಡ್ತೀನಿ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದ್ಳಂತೆ.” ಆತ ದಕ್ಷಿಣದ ಕಡೆ ನೋಡಿದ. “ಆಮೇಲಿಂದೂ ನೋಡಿದ್ಳಂತೆ.”

ದನಿ ಈಗ ಸ್ವೀಡಿಷಿಗೆ ತಿರುಗಿತು, ಅಶ್ವತ್ಥನಿಗೂ ತಿಳಿಯಲೆಂದು. “ಹತ್ರ ಇದಾನಾ ಅವನು? ಕೇಳು. ಕಸಕ್ಕೆ ಹಾಕಿದ್ದು ಯಾರ ಬಾವುಟ? ನಮ್ಮ ಬಣ್ಣ ಅಂತ ಹಾಕಿದ್ನೋ, ಅಥವಾ ಅದು ಅವನ ಊರಿಂದೇನಾ? ನಾನೂರು ಜನದ ಬಾಯಲ್ಲಿ ಕೂಗಿಸಿದ್ನಲ್ಲ, ಆ ಊರಿಂದಾ? ಒಂದು ಮನೆಗೋಸ್ಕರ? ಕೇಳು, ಕೇಳು. ನಾನು ಕಾಯ್ತೀನಿ.”

ಯಾಕೂಬ್ ಫೋನನ್ನು ಅಶ್ವತ್ಥನ ಬಾಯಿಯ ಹತ್ತಿರ ಹಿಡಿದ. ಸುತ್ತ ನಿಂತಿದ್ದ ಕೆಂಪು-ಬಿಳಿಯವರೂ ಉತ್ತರಕ್ಕೆ ಕಿವಿಗೊಟ್ಟರು. ಒಳಗೆ ಸೀಟಿ ಊದಿತು, ಆಟ ಶುರುವಾಯಿತು. ಯಾಕೂಬ್ ಮಾತ್ರ ಅಲ್ಲಾಡಲಿಲ್ಲ.

“ಏನಾದ್ರೂ ಹೇಳೋ ಮಾರಾಯ,” ಎಂದ ಗೊಗ್ಗರು ದನಿಯಲ್ಲಿ.

‘ನಿಮ್ಮದು’ ಎಂದರೂ ಮರ್ಯಮ್ ಸಹಿ ಹಾಕುವುದಿಲ್ಲ, ‘ನನ್ನದು’ ಎಂದರೂ ಹಾಕುವುದಿಲ್ಲ. ಅಶ್ವತ್ಥ ಆತನ ಕೈಯಿಂದ ಲಕೋಟೆಯನ್ನು ತೆಗೆದುಕೊಂಡ. ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಬರಿಯ ಕೊರಳಿಗೆ ಗಾಳಿ ಬಡಿಯಿತು, ಕಾಲರ್ ಎತ್ತಿಕೊಂಡ. ಆಮೇಲೆ ಉತ್ತರದ ಗೇಟಿನಿಂದ ಹೊರಗೆ ನಡೆದು ಹೋದ.