ಸೋಮವಾರ ಬಂದು ನೋಡುತ್ತೇನೆ

ನಾನಿದ್ದ ಕಡೆ ಇಂಥದ್ದು ಆಗ್ತಾನೇ ಇರ್ತದೆ. ದೆವ್ವಗಳಿಗೂ ಧೈರ್ಯಸ್ಥರ ಸಹವಾಸವೇ ಇಷ್ಟ ಅಂತ ಕಾಣ್ತದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೂ ಎರಡು ಸಾವಿರನೇ ಇಸವಿ ಆಚೀಚೆ, ಯಾದವಗಿರಿಯ ಒಂದು ಊದುಬತ್ತಿ ಆಫೀಸಿನಲ್ಲಿ ಅಟೆಂಡರಾಗಿದ್ದಾಗ, ಕಂಪ್ಯೂಟರ್ ರಿಪೇರಿಯವನಿಗೇ ಆಗದ ಕೆಲಸ ಮಾಡಿಸಿದ್ದೀನಿ.

ಅಳಿಸಿದ್ದು ಅಳಿಯಲಿಲ್ಲ

ನಮ್ಮ ಮ್ಯಾನೇಜರು ರಜೆ ಹಾಕಿ ಊರಿಗೆ ಹೋದವರು ಅಲ್ಲೇ ತೀರಿಕೊಂಡರು. ದಿನಾ ನಾನು ಕೊಟ್ಟ ಕಾಫಿ ಕುಡಿದು, "ಸಕ್ಕರೆ ಕಮ್ಮಿ ಕಣಯ್ಯ" ಅನ್ನದೆ ಲೋಟ ಕೆಳಗಿಟ್ಟವರಲ್ಲ. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಆಫೀಸಿನ ಇಮೇಲ್ ಜಾಗವೆಲ್ಲ ತುಂಬಿಕೊಂಡು, ಹೊಸ ಇಮೇಲ್ ಒಳಗೇ ಬರದಂತಾಯಿತು. ದುಬೈಯಿಂದ ದೊಡ್ಡ ಆರ್ಡರ್ ಬರಬೇಕಿತ್ತು. ಯಜಮಾನರು ಟೈಪಿಸ್ಟಮ್ಮನಿಗೆ, "ಸೋಮವಾರದೊಳಗೆ ಜಾಗ ಮಾಡಮ್ಮ. ಆರ್ಡರ್ ತಪ್ಪಿತೋ, ಮಂಗಳವಾರದಿಂದ ನೀನು ಬರೋದು ಬೇಡ" ಅಂದುಬಿಟ್ಟರು.

ಆಯಮ್ಮ ಪಾಪ, ಹಳೇ ಫೋಲ್ಡರುಗಳನ್ನು ಒಂದೊಂದೇ ತೆಗೆದು ಅಳಿಸಿದಳು. ಕಾಫಿ ತರೋ ಹೊತ್ತಿಗೆ ಮತ್ತೆ ಭರ್ತಿ.

"ಯಾರು ಕಳಿಸ್ತಾವ್ರೆ ನೋಡಮ್ಮ" ಅಂದೆ.

ನೋಡಿದಳು. ಮುಖ ಬಿಳುಚಿಕೊಂಡಿತು. "ನಮ್ಮ ಮ್ಯಾನೇಜರು."

ನಾನೇನೂ ಹೆದರಲಿಲ್ಲ. ಕಾಫಿ ಚೆಲ್ಲಿದ್ದು ಲೋಟದ ತಪ್ಪು.

ಉತ್ತರಕ್ಕೆ ಉತ್ತರ

ವಿಜಯನಗರದಿಂದ ರಿಪೇರಿಯವನು ಬಂದು ಬಗ್ಗಿ ನೋಡಿದ. "ಹೆದರಬೇಡಿ. ನಿಮ್ಮ ಮ್ಯಾನೇಜರು, ಯಾರು ಇಮೇಲ್ ಕಳಿಸಿದರೂ 'ರಜೆಯಲ್ಲಿದ್ದೇನೆ, ಸೋಮವಾರ ಬಂದು ನೋಡುತ್ತೇನೆ' ಅಂತ ತಾನಾಗೇ ಉತ್ತರ ಹೋಗೋ ಹಾಗೆ ಇಟ್ಟು ಹೋಗಿದ್ದಾರೆ. ನಿಮ್ಮ ಚೆನ್ನೈ ಏಜೆಂಟರೂ ಹಾಗೇ ಇಟ್ಟಿದ್ದಾರೆ. ಇವರದ್ದಕ್ಕೆ ಅವರದ್ದು, ಅವರದ್ದಕ್ಕೆ ಇವರದ್ದು. ಅದೇ ತುಂಬ್ತಿರೋದು."

"ಹಂಗಾದ್ರೆ ಏಜೆಂಟರಿಗೆ ಫೋನ್ ಮಾಡಿ ನಿಲ್ಲಿಸೋಕೆ ಹೇಳಿ" ಅಂದೆ.

ಯಜಮಾನರು ಕುರ್ಚಿ ಹಿಡಿದುಕೊಂಡರು. "ಅವರೂ ಹೋದ ತಿಂಗಳು ತೀರಿಕೊಂಡರು ಕಣೋ."

ಅಷ್ಟರಲ್ಲೇ ಕಂಪ್ಯೂಟರು ಟಣ್ ಅಂತು. ಸತ್ತವರೊಬ್ಬರು ಇನ್ನೊಬ್ಬ ಸತ್ತವರಿಗೆ, ಸೋಮವಾರ ಬರ್ತೀನಿ ಅಂತ ಹೇಳ್ತಾವ್ರೆ.

ಯಜಮಾನರು ಪರದೆ ನೋಡಿ ಅಂದರು: "ಬದುಕಿದ್ದಾಗ ಒಂದು ಕಾಗದಕ್ಕೂ ಉತ್ತರ ಬರೆಯಲಿಲ್ಲ ನಮ್ಮ ಮ್ಯಾನೇಜರು."

ಆ ಸೋಮವಾರ

ಅದನ್ನು ನಿಲ್ಲಿಸೋಕೆ ಮ್ಯಾನೇಜರ ಪಾಸ್‌ವರ್ಡ್ ಬೇಕು. ಗೊತ್ತಿದ್ದದ್ದು ಅವರೊಬ್ಬರಿಗೇ. "ಅವರನ್ನೇ ಕೇಳಾಣ ಬುಡಿ" ಅಂದೆ.

ನಮ್ಮ ಕಡೆ ಹಿರಿಯರಿಗೆ ಎಡೆ ಇಟ್ಟು, ಬಂದು ಉಣ್ಣಲಿ ಅಂತ ಬಾಗಿಲು ಹಾಕಿಕೊಂಡು ಆಚೆ ನಿಲ್ತೀವಿ. ಸೋಮವಾರ ಬೆಳಿಗ್ಗೆ ಅವರ ಮೇಜಿನ ಮೇಲೆ, ಕಂಪ್ಯೂಟರ್ ಪಕ್ಕದಲ್ಲೇ ಬಾಳೆಲೆ ಹಾಸಿ, ಚೌಚೌ ಭಾತ್ ಬಡಿಸಿ, ಕಾಫಿ ಇಟ್ಟು, ನಮ್ಮದೇ ಊದುಬತ್ತಿ ಹಚ್ಚಿದೆ. "ಸ್ವಾಮಿ, ನೀವು ಬರ್ತೀನಂದ ಸೋಮವಾರ ಇದೇ. ಆಯಮ್ಮನ ಕೆಲಸ ಹೋಯ್ತದೆ, ಒಸಿ ಜಾಗ ಮಾಡ್ಬುಡಿ" ಅಂದು ಬಾಗಿಲು ಎಳ್ಕೊಂಡೆ.

ಒಳಗೆ ಕೀಬೋರ್ಡು ಟಕಟಕ ಅಂತು. ಟೈಪಿಸ್ಟಮ್ಮ ನನ್ನ ಪಕ್ಕ, ಯಜಮಾನರು ನನ್ನ ಹಿಂದೆ, ರಿಪೇರಿಯವನು ಯಜಮಾನರ ಹಿಂದೆ. ಸದ್ದು ನಿಂತ ಮೇಲೆ ನಾನೇ ಬಾಗಿಲು ತಳ್ಳಿದೆ. ಲೋಟ ಖಾಲಿ. ಟೈಪಿಸ್ಟಮ್ಮ ಪರದೆ ನೋಡಿದಳು. ಅದೂ ಖಾಲಿ. ಉಳಿದಿದ್ದು ಎರಡೇ ಇಮೇಲ್. ಮೊದಲನೇದು ದುಬೈ ಆರ್ಡರ್. ಆಯಮ್ಮ ಕಣ್ಣೊರೆಸಿಕೊಂಡಳು.

"ಇನ್ನೊಂದು?" ಅಂದೆ.

"ಅದು ನಿಮಗೆ ಬಂದಿರೋದು" ಅಂತ ಓದಿದಳು: "ಸಕ್ಕರೆ ಕಮ್ಮಿ ಕಣಯ್ಯ."